ಸೂತ್ರ ಆಮೇಲೆ ಬರಲಿ

ಒಳ್ಳೆಯ ಮೇಷ್ಟರ ಕೆಲಸದಲ್ಲಿ ಮುಕ್ಕಾಲು ಪಾಲು ಅವರು ತರಗತಿಗೆ ಕಾಲಿಡುವ ಮೊದಲೇ ಮುಗಿದಿರುತ್ತದೆ. ಮೊದಲು ಯಾವುದನ್ನು ತೋರಿಸಬೇಕು, ಯಾವ ಪ್ರಶ್ನೆಯನ್ನು ಯಾವಾಗ ಎತ್ತಬೇಕು, ಕೇಳಿದ ಮೇಲೆ ಎಷ್ಟು ಹೊತ್ತು ಸುಮ್ಮನಿರಬೇಕು, ಸೂತ್ರವನ್ನು ಬೋರ್ಡಿನ ಮೇಲೆ ಎಷ್ಟನೆಯ ನಿಮಿಷಕ್ಕೆ ಬರೆಯಬೇಕು ಎನ್ನುವುದೆಲ್ಲ ಹಿಂದಿನ ರಾತ್ರಿಯೇ ತೀರ್ಮಾನವಾಗಿರುತ್ತದೆ. ಹೊರಗಿನವರಿಗೆ ಕಾಣುವುದು ಒಂದು ಗಂಟೆಯ ಪಾಠವಷ್ಟೆ. ಎಂಜಿನಿಯರಿಂಗ್ ಕಾಲೇಜುಗಳ ಮಾತು ಬಂದಾಗ ನಾವು ಕಟ್ಟಡ ನೋಡುತ್ತೇವೆ, ಕಟಾಫ್ ರ‍್ಯಾಂಕ್ ವಿಚಾರಿಸುತ್ತೇವೆ, ಪ್ಯಾಕೇಜು ಎಷ್ಟು ಲಕ್ಷ ಎಂದು ಕೇಳುತ್ತೇವೆ. ಪಾಠ ಹೇಳುವುದೂ ಒಂದು ಕಸುಬು, ಅದಕ್ಕೂ ಹತ್ಯಾರುಗಳಿವೆ, ಪಟ್ಟುಗಳಿವೆ, ಅದನ್ನೂ ಕಾಲಕ್ಕೆ ತಕ್ಕಂತೆ ಸಾಣೆ ಹಿಡಿಯಬೇಕು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ. ಆ ಕಸುಬನ್ನು ಹತ್ತಿರದಿಂದ ನೋಡಲು ತುಮಕೂರು ಸೀಮೆ ಬಲು ಅನುಕೂಲದ ಜಾಗ.

ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವನ್ನು ಆರಂಭಿಸಿದ್ದು 1963ರಲ್ಲಿ. ನಮ್ಮೂರಿನವರ ಬಾಯಲ್ಲಿ ಅದು ಎಸ್‌ಐಟಿ. 1979ರಲ್ಲಿ ಮರಳೂರಿನ ಸಿದ್ಧಾರ್ಥ ತಾಂತ್ರಿಕ ಕಾಲೇಜು, ಅಂದರೆ ಎಸ್‌ಎಸ್‌ಐಟಿ, ಬಂತು. 2001ರಲ್ಲಿ ಗುಬ್ಬಿಯಲ್ಲಿ ಚನ್ನಬಸವೇಶ್ವರ ತಾಂತ್ರಿಕ ಕಾಲೇಜು, ಸಿಐಟಿ, ಶುರುವಾಯಿತು. ಕುಣಿಗಲ್ಲು, ಗುಬ್ಬಿ, ನಿಟ್ಟೂರು, ತುರುವೇಕೆರೆ, ತಿಪಟೂರು ಕಡೆಯ ಮಕ್ಕಳು ಬೆಳಗಿನ ಬಸ್ಸು ರೈಲುಗಳಲ್ಲಿ ಬಂದು ಈ ಕಾಲೇಜುಗಳನ್ನು ತುಂಬುತ್ತಾರೆ.

ಹಾಗೆ ಬಂದು ಕೂತವರೆಲ್ಲ ಒಂದೇ ಬಗೆಯವರಲ್ಲ. ಪಿಯುಸಿ ಮುಗಿಸಿ ಸಿಇಟಿ ಬರೆದು ಬಂದವರಿದ್ದಾರೆ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇರುವುದರಿಂದ, ಹತ್ತನೆಯ ತರಗತಿಯವರೆಗೆ ಭೌತಶಾಸ್ತ್ರವನ್ನು ಕನ್ನಡದಲ್ಲೇ ಓದಿದವರೂ ಅದೇ ಬೆಂಚಿನಲ್ಲಿರುತ್ತಾರೆ. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಬಂದವರು ಇನ್ನೊಂದು ಗುಂಪು. ಲೇತ್ ಮೆಷೀನು ಇವರ ಕೈಗೆ ಚೆನ್ನಾಗಿ ಪಳಗಿರುತ್ತದೆ. ಇಂಟಿಗ್ರೇಷನ್ ಎಂದರೆ ಬೆವರುತ್ತಾರೆ. ಇವರಿಗೆಂದೇ ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿರುವುದು. ಇವರೆಲ್ಲರ ಕೈಯಲ್ಲೂ ಇರುವ ಒಂದೇ ವಸ್ತು ಫೋನು. ಯಾವ ಸೂತ್ರ ಬೇಕಾದರೂ ಅದರಲ್ಲಿ ಹತ್ತು ಸೆಕೆಂಡಿನಲ್ಲಿ ಸಿಗುತ್ತದೆ.

ಹಿಂದಿನ ಮೇಷ್ಟರ ಬಲವಿದ್ದುದು ಅವರ ನೋಟ್ಸಿನಲ್ಲಿ. ಪುಸ್ತಕ ದುಬಾರಿ, ಲೈಬ್ರರಿಯಲ್ಲಿ ಒಂದೇ ಪ್ರತಿ. ಮೇಷ್ಟರು ಬೋರ್ಡಿನ ಮೇಲೆ ಬರೆದದ್ದೇ ಗ್ರಂಥ. ಆ ಬಲ ಈಗ ಉಳಿದಿಲ್ಲ. ಐಐಟಿಗಳೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳು ಗುಬ್ಬಿಯ ಹಾಸ್ಟೆಲಿನಲ್ಲೂ ಪುಕ್ಕಟೆ ಸಿಗುತ್ತವೆ. ಹಾಗಾದರೆ ಮೇಷ್ಟರಿಗೆ ಏನು ಉಳಿಯಿತು? ಉಳಿದದ್ದು ಅನುಕ್ರಮ. ಯಾವುದರ ನಂತರ ಯಾವುದು ಎಂದು ನಿರ್ಧರಿಸುವ ಜಾಣ್ಮೆ. ಹೊಸ ತಲೆಮಾರಿಗೆ ಪಾಠ ಹೇಳುವ ಕಸುಬಿನ ಗುಟ್ಟೆಲ್ಲ ಇಲ್ಲೇ ಇದೆ: ಮೊದಲು ಊಹೆ, ಆಮೇಲೆ ಕಣ್ಣಾರೆ ನೋಡುವುದು, ಆಮೇಲೆ ವಾದ, ಎಲ್ಲಕ್ಕಿಂತ ಕೊನೆಗೆ ಸೂತ್ರ.

ಮಾರ್ಕೋನಹಳ್ಳಿಯ ಪಾಠ

ಉದಾಹರಣೆಗೆ ದ್ರವಶಾಸ್ತ್ರದ ಒಂದು ತರಗತಿಯನ್ನು ಈ ಕ್ರಮದಲ್ಲಿ ಹೇಗೆ ಕಟ್ಟಬಹುದು ನೋಡೋಣ. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ್ದು. ಅದರ ವಿಶೇಷ ಅಲ್ಲಿನ ಸ್ವಯಂಚಾಲಿತ ಸೈಫನ್. ಜಲಾಶಯ ತುಂಬಿ ನೀರು ಒಂದು ಮಟ್ಟ ದಾಟಿತೆಂದರೆ ಯಾರೂ ಗೇಟು ಎತ್ತಬೇಕಾಗಿಲ್ಲ. ಕರೆಂಟೂ ಬೇಡ, ಕಾವಲುಗಾರನೂ ಬೇಡ. ಸೈಫನ್ ತಾನಾಗಿ ಹಿಡಿದುಕೊಂಡು ಹೆಚ್ಚುವರಿ ನೀರನ್ನು ಆಚೆಗೆ ಹಾಕುತ್ತದೆ. ಮಟ್ಟ ಇಳಿದರೆ ತಾನೇ ನಿಲ್ಲುತ್ತದೆ.

ಮೇಷ್ಟರು ತರಗತಿಗೆ ತರುವುದು ಒಂದು ಪಾರದರ್ಶಕ ಪ್ಲಾಸ್ಟಿಕ್ ಲೋಟ, ಒಂದು ತೆಳ್ಳನೆಯ ಪೈಪಿನ ತುಂಡು, ಒಂದಿಷ್ಟು ಎಂ-ಸೀಲ್. ಲೋಟದ ತಳಕ್ಕೆ ತೂತು ಕೊರೆದು, ಪೈಪನ್ನು ಅದರಲ್ಲಿ ತೂರಿಸಿ, ಲೋಟದೊಳಗೆ ತಲೆಕೆಳಗಾದ ‘ಯು’ ಆಕಾರಕ್ಕೆ ಬಗ್ಗಿಸಿ, ಸಂದಿಗೆ ಎಂ-ಸೀಲ್ ಮೆತ್ತಿರುತ್ತಾರೆ. ನೀರು ಹೊಯ್ಯುವ ಮೊದಲೇ ಪ್ರಶ್ನೆ: “ನೀರು ಪೈಪಿನ ಬಾಗು ದಾಟಿದ ಮೇಲೆ ಎಷ್ಟು ಹೊರಗೆ ಹೋಗುತ್ತೆ?” ಉತ್ತರವನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಬರೆಯದೆ ನೋಡುವಂತಿಲ್ಲ. ಬಾಗಿಗಿಂತ ಮೇಲೆ ಬಂದಷ್ಟು ನೀರು ಮಾತ್ರ ಹೋಗುತ್ತದೆ ಎಂದು ಬರೆಯುವವರೇ ಹೆಚ್ಚು. ಸಹಜವಾದ ಊಹೆಯೂ ಅದೇ. ಆಮೇಲೆ ನೀರು ಹೊಯ್ದರೆ, ಬಾಗು ಮುಳುಗಿದ್ದೇ ತಡ, ಪೈಪಿನ ಬಾಯಿಯವರೆಗಿನ ನೀರೆಲ್ಲ ಖಾಲಿ.

ಇಲ್ಲಿ ಕೆಲವು ಮೇಷ್ಟರು ವಿವರಣೆ ಕೊಡಲು ಹೊರಟುಬಿಡುತ್ತಾರೆ. ಪಳಗಿದವರು ಹಾಗೆ ಮಾಡದೆ ಎರಡನೆಯ ಪ್ರಶ್ನೆ ಎತ್ತುತ್ತಾರೆ: “ಲೋಟ ಪೂರ್ತಿ ಬರಿದಾಯ್ತಲ್ಲ, ಮಾರ್ಕೋನಹಳ್ಳಿ ಡ್ಯಾಮ್ ಯಾಕೆ ಬರಿದಾಗಲ್ಲ?” ತರಗತಿ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಸೈಫನ್ ಕಡಿಯಬೇಕಾದರೆ ಒಳಗೆ ಗಾಳಿ ನುಗ್ಗಬೇಕು ಎಂದು ಯಾರೋ ಹೇಳುತ್ತಾರೆ. ಹಾಗಾದರೆ ಗಾಳಿಗೆ ದಾರಿ ಎಲ್ಲಿ? ಮೇಷ್ಟರು ಒಂದು ದಬ್ಬಳ ಕೊಡುತ್ತಾರೆ. ಪೈಪಿನ ಒಳಗಾಲಿಗೆ, ನೀರು ಎಲ್ಲಿ ನಿಲ್ಲಬೇಕೋ ಆ ಎತ್ತರದಲ್ಲಿ, ವಿದ್ಯಾರ್ಥಿಯೇ ಒಂದು ತೂತು ಮಾಡಬೇಕು. ಮತ್ತೆ ನೀರು ಹೊಯ್ದರೆ, ಮಟ್ಟ ಇಳಿಯುತ್ತ ಬಂದು ಆ ತೂತಿನ ಹತ್ತಿರ ತಲುಪುತ್ತದೆ, ಗಾಳಿ ಒಳಗೆ ಹೋಗುತ್ತದೆ, ಸೈಫನ್ ಕಡಿಯುತ್ತದೆ. ಅಣೆಕಟ್ಟಿನ ಸೈಫನ್ನಿಗೂ ಬೇಕಾದ ಮಟ್ಟದಲ್ಲಿ ಗಾಳಿಗೆ ದಾರಿ ಇಟ್ಟಿರುತ್ತಾರೆ. ನಿಲ್ಲುವ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪೈಪು ಎಲ್ಲ ಊರಿನಲ್ಲೂ ಸಿಗುತ್ತದೆ. ಅದರಲ್ಲಿ ದಪ್ಪನೆಯದನ್ನು ತಂದು ನೀರನ್ನು ನಿಧಾನವಾಗಿ ಹೊಯ್ದರೆ, ಬಾಗಿನ ಅಂಚಿನಿಂದ ನೀರು ಸುಮ್ಮನೆ ಜಿನುಗುತ್ತ ಕೂರುತ್ತದೆ. ಸೈಫನ್ ಹಿಡಿಯುವುದೇ ಇಲ್ಲ. ಪೈಪಿನೊಳಗಿನ ಗಾಳಿಯನ್ನು ತಳ್ಳಿಕೊಂಡು ಹೋಗುವಷ್ಟು ನೀರಿನ ಓಟ ಅಲ್ಲಿರುವುದಿಲ್ಲ. ಆದ್ದರಿಂದ ಮೊದಲ ಪ್ರಯೋಗಕ್ಕೆ ತೆಳ್ಳನೆಯ ಪೈಪು. ದಪ್ಪನೆಯದು ಚೀಲದಲ್ಲೇ ಇರುತ್ತದೆ, ಎರಡನೆಯ ದಿನಕ್ಕೆ. ಸೋಲುವ ಪ್ರಯೋಗವನ್ನೂ ಬೇಕೆಂದೇ, ಸರಿಯಾದ ಸಮಯಕ್ಕೆ ತೋರಿಸುವುದು ಈ ಕಸುಬಿನ ನಾಜೂಕು. ದೊಡ್ಡ ಸೈಫನ್ನುಗಳಲ್ಲಿ ಗಾಳಿಯನ್ನು ಹೊರಗೆ ಎಳೆಯಲು ವಿಶೇಷ ಏರ್ಪಾಡು ಯಾಕೆ ಬೇಕು ಎಂಬ ಪ್ರಶ್ನೆ ಆಗ ವಿದ್ಯಾರ್ಥಿಯ ಬಾಯಿಂದಲೇ ಬರುತ್ತದೆ.

ಸೂತ್ರಕ್ಕೆ ಹೊತ್ತು ಬರುವುದು ಇಷ್ಟೆಲ್ಲ ಆದ ಮೇಲೆ. ಬರೀ ಕೋಡಿಯ ಮೇಲೆ 0.3 ಮೀಟರ್ ಎತ್ತರದ ನೀರು ಹರಿದರೆ, ಆ 0.3 ಮೀಟರಿನ ಬಲದಿಂದ ಹುಟ್ಟುವ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಸೈಫನ್ನಿನಲ್ಲಿ ಲೆಕ್ಕಕ್ಕೆ ಬರುವುದು ಜಲಾಶಯದ ಮಟ್ಟಕ್ಕೂ ಕೆಳಗಿನ ಹೊರಬಾಯಿಗೂ ಇರುವ ಅಂತರ. ಅದು 6 ಮೀಟರ್ ಎಂದಿಟ್ಟುಕೊಂಡರೆ, ನಷ್ಟಗಳನ್ನು ಬಿಟ್ಟು, ವೇಗ 10.8 ಮೀಟರ್. ನಾಲ್ಕೂವರೆ ಪಟ್ಟು. ಬರ್ನೌಲಿಯ ಸಮೀಕರಣ ಹೇಳುವುದು ಇದನ್ನೇ. ಆದರೆ ಈ ಹೊತ್ತಿಗೆ ಅದು ಉತ್ತರವಾಗಿ ಬಂದಿದೆ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರವಾಗಿ. ಮೊದಲ ನಿಮಿಷದಲ್ಲೇ ಬೋರ್ಡಿನ ಮೇಲೆ ಬರೆದಿದ್ದರೆ ಅದು ಪರೀಕ್ಷೆಗೆ ಉರುಹೊಡೆಯುವ ಇನ್ನೊಂದು ಸಾಲಾಗುತ್ತಿತ್ತು.

ಕೊನೆಗೆ ಮತ್ತೊಂದು ಪ್ರಶ್ನೆಯನ್ನು ಮೇಷ್ಟರು ಮನೆಗೆ ಕಟ್ಟಿಕೊಡುತ್ತಾರೆ. ಯಾರೂ ಮುಟ್ಟದೆ ತಾನೇ ಶುರುವಾಗುವ ಸೈಫನ್ ಕೆಳಗಡೆ ಇರುವವರಿಗೆ ತಾನಾಗಿ ಎಚ್ಚರಿಕೆ ಕೊಡುತ್ತದೆಯೆ? ಕೊಡುವುದಿಲ್ಲ. ಕೆಳಗೆ ನದಿಪಾತ್ರದಲ್ಲಿ ನೀರು ಇದ್ದಕ್ಕಿದ್ದಂತೆ ಏರುತ್ತದೆ. ಹಾಗಾದರೆ ಸೈರನ್ ಎಲ್ಲಿಡಬೇಕು, ಎಷ್ಟು ನಿಮಿಷ ಮೊದಲು ಕೂಗಬೇಕು, ಮಟ್ಟ ಅಳೆಯುವ ಸೆನ್ಸರ್ ಕೆಟ್ಟರೆ ಏನು ಗತಿ? ಎಂಜಿನಿಯರಿಂಗ್ ನೀತಿ ಎಂದು ಪ್ರತ್ಯೇಕ ಅಧ್ಯಾಯ ಓದಿಸುವುದಕ್ಕಿಂತ ಈ ಒಂದು ಪ್ರಶ್ನೆ ಹೆಚ್ಚು ಕಲಿಸುತ್ತದೆ.

ಬೋರ್‌ವೆಲ್ ಮಕ್ಕಳು

ಮೂರು ಫೇಸ್ ವಿದ್ಯುತ್ತು ಮೊದಲ ವರ್ಷದ ಎಲೆಕ್ಟ್ರಿಕಲ್ ಪಾಠದಲ್ಲಿ ಕಬ್ಬಿಣದ ಕಡಲೆ ಎಂದೇ ಹೆಸರಾದದ್ದು. 120 ಡಿಗ್ರಿ ಅಂತರದ ಮೂರು ಅಲೆ, ರೂಟ್ 3, ಸ್ಟಾರ್, ಡೆಲ್ಟಾ. ಆದರೆ ತೆಂಗಿನ ತೋಟದ ಸೀಮೆಯಿಂದ ಬಂದ ಹುಡುಗನಿಗೆ ಇದರಲ್ಲಿ ಅರ್ಧ ಆಗಲೇ ಗೊತ್ತಿದೆ. ಗೊತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲ, ಅಷ್ಟೆ. ‘ತ್ರೀ ಫೇಸ್ ಬಂತಾ?’ ಎಂದು ರಾತ್ರಿ ಎದ್ದು ನೋಡಿ ಮೋಟಾರ್ ಹಾಕಿ ಬಂದವನು ಅವನು.

ಮೇಷ್ಟರು ಅಲ್ಲಿಂದಲೇ ಹಿಡಿಯುತ್ತಾರೆ. “ಒಂದು ಫೇಸ್ ಹೋದಾಗ ಸ್ಟಾರ್ಟರ್ ಒತ್ತಿದರೆ ಏನಾಗುತ್ತೆ?”

“ಗುಂಯ್ ಅಂತದೆ ಸಾರ್, ತಿರುಗಲ್ಲ. ಹಂಗೇ ಬಿಟ್ರೆ ಕಾಯಿಲ್ ಸುಟ್ಟೋಯ್ತದೆ.”

“ತಿರುಗ್ತಾ ಇರುವಾಗಲೇ ಒಂದು ಫೇಸ್ ಹೋದರೆ?”

ಇಲ್ಲಿ ತರಗತಿ ಎರಡು ಪಾಲಾಗುತ್ತದೆ. ನಿಲ್ಲುತ್ತದೆ ಎಂದು ಕೆಲವರು, ತಿರುಗುತ್ತಲೇ ಇರುತ್ತದೆ ಎಂದು ಕೆಲವರು. ಹೆಚ್ಚು ಭಾರವಿಲ್ಲದಿದ್ದರೆ ಅದು ತಿರುಗುತ್ತಲೇ ಇರುತ್ತದೆ. ಆದರೆ ಉಳಿದೆರಡು ತಂತಿಗಳಲ್ಲಿ ಕರೆಂಟು ಏರಿ ಮೋಟಾರು ಕಾಯುತ್ತದೆ. ನಿಂತ ಮೋಟಾರ್ ಯಾಕೆ ಹೊರಡುವುದಿಲ್ಲ, ಹೊರಟ ಮೋಟಾರ್ ಯಾಕೆ ನಿಲ್ಲುವುದಿಲ್ಲ? ಈ ಒಗಟನ್ನು ಬಿಡಿಸಲು ಹೊರಟರೆ ತಿರುಗುವ ಕಾಂತಕ್ಷೇತ್ರಕ್ಕೂ ಬರೀ ಹಿಂದೆ ಮುಂದೆ ಮಿಡಿಯುವ ಕಾಂತಕ್ಷೇತ್ರಕ್ಕೂ ಇರುವ ವ್ಯತ್ಯಾಸ ತಾನಾಗಿ ಎದುರಾಗುತ್ತದೆ. ಪುಸ್ತಕದಲ್ಲಿ ಆ ಅಧ್ಯಾಯ ಇನ್ನೂ ಮುಂದಿದೆ. ಅದರ ಹಸಿವು ಈಗಲೇ ಹುಟ್ಟಿದರೆ ತಪ್ಪೇನು?

ಶನಿವಾರದ ಹೋಂವರ್ಕ್ ಹೀಗಿರುತ್ತದೆ: ಮನೆಯ ಪಂಪ್‌ಸೆಟ್ಟಿನ ನೇಮ್ ಪ್ಲೇಟಿನ ಫೋಟೊ ತೆಗೆದುಕೊಂಡು ಬಾ, ಪ್ಯಾನೆಲ್ ಬೋರ್ಡು ಬಿಚ್ಚಬೇಡ, ತಂತಿ ಮುಟ್ಟಬೇಡ. ಸೋಮವಾರ ಲೆಕ್ಕ. 5 ಎಚ್‌ಪಿ ಎಂದರೆ 3,730 ವ್ಯಾಟ್. 415 ವೋಲ್ಟ್, ಪವರ್ ಫ್ಯಾಕ್ಟರ್ 0.8, ದಕ್ಷತೆ 0.8 ಎಂದು ಹಿಡಿದರೆ ಕರೆಂಟು ಸುಮಾರು 8 ಆಂಪಿಯರ್. ತನ್ನ ಫೋಟೊದಲ್ಲಿರುವ ಅಂಕಿಗೂ ಲೆಕ್ಕದ ಅಂಕಿಗೂ ತಾಳೆಯಾಗುತ್ತದೆಯೆ, ಆಗದಿದ್ದರೆ ಯಾಕೆ ಎಂದು ಹುಡುಗ ಬರೆಯಬೇಕು.

ತುಮಕೂರು ನಗರದಲ್ಲೇ ಬೆಳೆದ ಹುಡುಗಿಗೆ ಬೋರ್‌ವೆಲ್ ಇಲ್ಲ. ಆಕೆಗೆ ಗಣಿತ ಸಲೀಸು. ಪಳಗಿದ ಮೇಷ್ಟರು ಇವರಿಬ್ಬರನ್ನು ಜೋಡಿ ಮಾಡುತ್ತಾರೆ. ಡಿಪ್ಲೊಮಾದಿಂದ ಬಂದವನನ್ನೂ ಪಿಯುಸಿಯಿಂದ ಬಂದವಳನ್ನೂ ಒಂದೇ ಮೇಜಿಗೆ ಕೂರಿಸುವುದು ಇದೇ ಲೆಕ್ಕದ ಮೇಲೆ. ಹಾಜರಿ ಪುಸ್ತಕದ ಕ್ರಮದಲ್ಲಿ ಬ್ಯಾಚ್ ಮಾಡಿದರೆ ಇದಾಗುವುದಿಲ್ಲ. ಯಾರಿಗೆ ಏನು ಬರುತ್ತದೆ ಎಂದು ಮೊದಲ ಎರಡು ವಾರದಲ್ಲೇ ಗುರುತಿಸಿಟ್ಟುಕೊಳ್ಳಬೇಕು.

ಲ್ಯಾಪ್‌ಟಾಪಿನ ಮೇಲೆ ಒಂದು ರಬ್ಬರು

ಒಂದು ಕಾಲಕ್ಕೆ ಬಸ್ಸಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಗುರುತಿಸಲು ಅವನ ಹೆಗಲಿನ ಡ್ರಾಫ್ಟರ್ ಮತ್ತು ಸುತ್ತಿದ ಡ್ರಾಯಿಂಗ್ ಶೀಟು ಸಾಕಿತ್ತು. ಈಗ ಆ ಕೆಲಸವೆಲ್ಲ ಸಾಲಿಡ್ ಎಡ್ಜ್‌ನಂಥ ಸಾಫ್ಟ್‌ವೇರಿನಲ್ಲಿ. ಗೆರೆ ನೇರವಾಗಿ ಬರುತ್ತದೆ, ಅಳಿಸುವ ಕಷ್ಟವಿಲ್ಲ. ಆದರೆ ಪೆನ್ಸಿಲ್ ಹಿಡಿದು ಒದ್ದಾಡುವಾಗ ತಲೆಯೊಳಗೆ ಮೂಡುತ್ತಿದ್ದ ಮೂರು ಆಯಾಮದ ಚಿತ್ರ ಮೌಸ್ ಹಿಡಿದವರಿಗೆ ಅಷ್ಟು ಸುಲಭವಾಗಿ ಮೂಡುವುದಿಲ್ಲ. ಆ ನಷ್ಟವನ್ನು ಮೇಷ್ಟರು ಬೇರೆ ದಾರಿಯಿಂದ ತುಂಬಿಸಬೇಕು.

ದಾರಿ ಎಲ್ಲರ ಮುಂದೆಯೇ ಇದೆ. ಲ್ಯಾಪ್‌ಟಾಪನ್ನು ನೇರ ಕೋನಕ್ಕೆ ತೆರೆಯಿರಿ. ಪರದೆ ಲಂಬತಲ, ಕೀಬೋರ್ಡು ಅಡ್ಡತಲ. ಡ್ರಾಯಿಂಗ್ ತರಗತಿಯ ಭಾಷೆಯಲ್ಲಿ ವಿಪಿ ಮತ್ತು ಎಚ್‌ಪಿ. ನಡುವೆ ಒಂದು ರಬ್ಬರು ಇಡಿ. ಎದುರಿನಿಂದ ನೋಡಿದ್ದು ಪರದೆಯ ಮೇಲೆ ಬೀಳುತ್ತದೆ, ಮೇಲಿನಿಂದ ನೋಡಿದ್ದು ಕೀಬೋರ್ಡಿನ ಮೇಲೆ. ಈಗ ಲ್ಯಾಪ್‌ಟಾಪನ್ನು ಪೂರ್ತಿ ಚಪ್ಪಟೆಯಾಗಿ ಬಿಚ್ಚಿದಂತೆ ಊಹಿಸಿಕೊಳ್ಳಿ. ಮೇಲಿನ ನೋಟ ಎದುರಿನ ನೋಟದ ಕೆಳಗೆ ಬಂದು ಕೂರುತ್ತದೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಮೊದಲ ಕೋನದ ಪ್ರಕ್ಷೇಪಣೆಯಲ್ಲಿ ‘ಮೇಲಿನದು ಕೆಳಗೆ ಯಾಕೆ?’ ಎಂದು ತಲೆಮಾರುಗಟ್ಟಲೆ ಮಕ್ಕಳು ತಲೆ ಕೆರೆದುಕೊಂಡಿದ್ದ ಪ್ರಶ್ನೆ ಅರ್ಧ ನಿಮಿಷದಲ್ಲಿ ಬಗೆಹರಿಯಿತು.

ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಯಾವ ಆಕಾರ ಬರುತ್ತದೆ? ಊಹಿಸಿ ಬರೆಯಿರಿ ಎಂದರೆ ಬಹಳ ಮಕ್ಕಳು ಮೊಟ್ಟೆಯ ಆಕಾರ ಬರೆಯುತ್ತಾರೆ. ಶಂಕುವಿನ ಒಂದು ಕಡೆ ಸಣ್ಣ, ಒಂದು ಕಡೆ ದಪ್ಪ. ಹಾಗಾಗಿ ಕತ್ತರಿಸಿದ ಮುಖವೂ ಒಂದು ತುದಿಯಲ್ಲಿ ಚೂಪು, ಇನ್ನೊಂದು ತುದಿಯಲ್ಲಿ ಅಗಲ ಇರಬೇಕು ಎಂಬ ವಾದ. ಜರ್ಮನಿಯ ಮಹಾನ್ ಚಿತ್ರಕಾರ ಆಲ್‌ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ರೇಖಾಗಣಿತದ ಪುಸ್ತಕದಲ್ಲಿ ಇದನ್ನೇ ನಂಬಿ ಮೊಟ್ಟೆಯಾಕಾರವನ್ನೇ ಬರೆದ. ಮೇಷ್ಟರು ಈ ಕತೆ ಹೇಳುವುದು ಮಕ್ಕಳು ತಪ್ಪು ಬರೆದ ಮೇಲೆ, ಕ್ಯಾರೆಟ್ ಕತ್ತರಿಸಿ ತೋರಿಸುವ ಮೊದಲು. ತಪ್ಪಿದವರಿಗೆ ದೊಡ್ಡವರ ಜೊತೆ ಸಿಕ್ಕಿತು. ಅವಮಾನ ಹೋಯಿತು, ಕುತೂಹಲ ಉಳಿಯಿತು. ಮೊನಚಾದ ಕ್ಯಾರೆಟ್ಟನ್ನು ಓರೆಯಾಗಿ ಹೆಚ್ಚಿ, ಕತ್ತರಿಸಿದ ಮುಖಕ್ಕೆ ಶಾಯಿ ಹಚ್ಚಿ ಹಾಳೆಯ ಮೇಲೆ ಒತ್ತಿದರೆ ಎರಡೂ ತುದಿ ಒಂದೇ ಸಮನಾದ ದೀರ್ಘವೃತ್ತ. ಸಾಫ್ಟ್‌ವೇರು ತೆರೆಯುವುದು ಆಮೇಲೆ.

ಮೌನದ ತರಗತಿಯನ್ನು ಮಾತಾಡಿಸುವುದು

ನಮ್ಮ ಕಡೆಯ ಮಕ್ಕಳು ತರಗತಿಯಲ್ಲಿ ಕೈ ಎತ್ತುವುದಿಲ್ಲ ಎಂಬ ದೂರು ಹಳೆಯದು. ಎತ್ತಿದರೆ ಇಂಗ್ಲಿಷಿನಲ್ಲಿ ಮಾತಾಡಬೇಕಾದೀತು, ತಪ್ಪಿದರೆ ನಕ್ಕಾರು. ಹಾರ್ವರ್ಡಿನ ಭೌತಶಾಸ್ತ್ರದ ಮೇಷ್ಟರು ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ಕಂಡುಕೊಂಡ ವಿಧಾನವೊಂದು ಇಲ್ಲಿ ಚೆನ್ನಾಗಿ ಒಗ್ಗುತ್ತದೆ. ನಾಲ್ಕು ಆಯ್ಕೆಯ ಒಂದು ಪ್ರಶ್ನೆ. ಎಲ್ಲರೂ ಒಟ್ಟಿಗೆ ಉತ್ತರ ತೋರಿಸಬೇಕು. ಅಲ್ಲಿ ಅದಕ್ಕೆ ಯಂತ್ರ ಕೊಟ್ಟಿದ್ದರು. ಇಲ್ಲಿ ಎದೆಯ ಹತ್ತಿರ ಬೆರಳು ಹಿಡಿದರೆ ಸಾಕು. ಮೇಷ್ಟರಿಗೆ ಕಾಣುತ್ತದೆ, ಪಕ್ಕದವರಿಗೆ ಕಾಣುವುದಿಲ್ಲ. ಸರಿಯುತ್ತರ ಹೇಳಿದವರು ಶೇ 30ರಿಂದ 70ರೊಳಗಿದ್ದರೆ, ‘ಪಕ್ಕದವರನ್ನು ಒಪ್ಪಿಸಿ’ ಎಂದು ಎರಡು ನಿಮಿಷ ಬಿಡಬೇಕು. ಅದಕ್ಕಿಂತ ಕಡಿಮೆಯಿದ್ದರೆ ವಿಷಯವನ್ನು ಮತ್ತೆ ಹೇಳಬೇಕು, ಹೆಚ್ಚಿದ್ದರೆ ಮುಂದಕ್ಕೆ ಹೋಗಬೇಕು. ಎರಡು ನಿಮಿಷದ ನಂತರ ಮತ್ತೊಮ್ಮೆ ಬೆರಳು.

ಆ ಎರಡು ನಿಮಿಷದಲ್ಲಿ ತರಗತಿ ಸಂತೆಯಾಗುತ್ತದೆ. ಸಂತೆ ಕನ್ನಡದಲ್ಲಿ ನಡೆಯುತ್ತದೆ. ನಡೆಯಲಿ. ವಾದ ಗಟ್ಟಿಯಾದ ಮೇಲೆ ಅದೇ ಮಾತನ್ನು ಪಾರಿಭಾಷಿಕ ಪದಗಳೊಂದಿಗೆ ಇಂಗ್ಲಿಷಿನ ಎರಡು ವಾಕ್ಯದಲ್ಲಿ ಬರೆಯಿಸುವುದು ಎರಡನೆಯ ಹೆಜ್ಜೆ. ವೈವಾದಲ್ಲಿ, ಕ್ಯಾಂಪಸ್ ಸಂದರ್ಶನದಲ್ಲಿ ಬೇಕಾಗುವುದು ಈ ಎರಡು ವಾಕ್ಯವೇ. ಯೋಚನೆ ಸ್ಪಷ್ಟವಾದವರಿಗೆ ಆ ಎರಡು ವಾಕ್ಯ ಕಲಿಯುವುದು ಕಷ್ಟವಲ್ಲ. ವಾಕ್ಯ ಉರುಹೊಡೆದವರಿಗೆ ಆಮೇಲೆ ಯೋಚನೆ ತುಂಬಿಸುವುದು ಬಲು ಕಷ್ಟ. ಇಲ್ಲಿಯೂ ಅನುಕ್ರಮದ್ದೇ ಆಟ.

ಇದೆಲ್ಲ ಬರೀ ಉತ್ಸಾಹದ ಮಾತಲ್ಲ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ನಪಾಸಾಗುವ ಸಂಭವ, ಮಕ್ಕಳು ತಾವೇ ತೊಡಗಿಕೊಂಡ ತರಗತಿಗಳಿಗಿಂತ ಒಂದೂವರೆ ಪಟ್ಟು ಇತ್ತು. ಬ್ಯಾಕ್‌ಲಾಗಿನ ಕಷ್ಟ ಕಂಡ ಮನೆಗಳಿಗೆ ಈ ಅಂಕಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲೇ ಇದನ್ನು ಪಠ್ಯಕ್ರಮದೊಳಕ್ಕೆ ತಂದವರಿದ್ದಾರೆ. ಹುಬ್ಬಳ್ಳಿಯ ಬಿವಿಬಿ ಕಾಲೇಜು ಬೆಳೆದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಅಲ್ಲಿ ಮೊದಲ ವರ್ಷದವರಿಗೆ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಕೋರ್ಸ್ ಇದೆ. ಯಾವ ಬ್ರಾಂಚಿನವರಾದರೂ ಕೂಡಿ ಒಂದು ಸಮಸ್ಯೆ ಹಿಡಿದು, ಒಂದು ಮಾದರಿ ಕಟ್ಟಿ ತೋರಿಸಬೇಕು. ಎಂಜಿನಿಯರಿಂಗ್ ಮೇಷ್ಟರಿಗೆ ಪಾಠ ಹೇಳುವುದನ್ನೇ ಕಲಿಸಲು ಐಯುಸಿಇಇ ಎಂಬ ಭಾರತ–ಅಮೆರಿಕ ಕೂಟ 2007ರಿಂದ ದುಡಿಯುತ್ತಿದೆ. ನಮ್ಮಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಬೋಧನಾ ತರಬೇತಿ ಕಡ್ಡಾಯ. ಎಂ.ಟೆಕ್ ಮಾಡಿ ನೇರವಾಗಿ ಅರವತ್ತು ಮಕ್ಕಳ ಮುಂದೆ ನಿಲ್ಲುವವರಿಗೆ ಅಂಥ ತರಬೇತಿ ಇರಲೇ ಇಲ್ಲ. ಅವರು ತಮ್ಮ ಮೇಷ್ಟರನ್ನು ನೋಡಿ ಕಲಿತರು. ಆ ಮೇಷ್ಟರು ಕಲಿತದ್ದು ಲೈಬ್ರರಿಯಲ್ಲಿ ಒಂದೇ ಪ್ರತಿಯಿದ್ದ ಕಾಲದಲ್ಲಿ.

ತಪ್ಪು ಹುಡುಕುವ ಪರೀಕ್ಷೆ

ಪಾಠ ಬದಲಾಗಿ ಪರೀಕ್ಷೆ ಬದಲಾಗದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. ಮಕ್ಕಳು ಅಂಕ ಎಲ್ಲಿದೆಯೋ ಅಲ್ಲಿ ಓದುತ್ತಾರೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯನಾದ ಮೇಲೆ, ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದನ್ನೇ ಅಳೆಯಬೇಕು ಎಂಬ ನಿಯಮ ಬಲವಾಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದಲ್ಲಿ ಒಳಗಿನ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಇಂಟರ್ನಲ್ಸ್‌ನ ಆ 50 ಅಂಕ ಮೇಷ್ಟರ ಕೈಯಲ್ಲಿದೆ. ಅದನ್ನು ಮೂರು ಟೆಸ್ಟು, ಒಂದು ರೆಕಾರ್ಡಿಗೆ ಹಂಚಿ ಕೈತೊಳೆದುಕೊಳ್ಳಬಹುದು. ಹೊಸ ಬಗೆಯ ಪ್ರಶ್ನೆಗೂ ಬಳಸಬಹುದು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಮಕ್ಕಳು ನಕಲು ಮಾಡುತ್ತಾರೆ’ ಎಂಬ ಗಾಬರಿ ಎದ್ದಿತು. ಲ್ಯಾಬ್ ರೆಕಾರ್ಡನ್ನು ಸೀನಿಯರುಗಳಿಂದ ಇಸಕೊಂಡು ನಕಲು ಮಾಡುವ ಸಂಪ್ರದಾಯ ಅದಕ್ಕಿಂತ ಎಷ್ಟೋ ಹಳೆಯದು. ಕಸುಬು ಬಲ್ಲ ಮೇಷ್ಟರು ಬೇರೆ ಪಟ್ಟು ಹಾಕುತ್ತಾರೆ. ಯಂತ್ರ ಬರೆದ ಪ್ರೋಗ್ರಾಮನ್ನು ತಾವೇ ಕೊಟ್ಟು, ‘ಇದರಲ್ಲಿ ತಪ್ಪೇನು?’ ಎಂದು ಕೇಳುತ್ತಾರೆ. ಉದಾಹರಣೆಗೆ, ಎಚ್‌ಪಿ ಕೊಟ್ಟರೆ ಮೋಟಾರಿನ ಕರೆಂಟು ಲೆಕ್ಕ ಹಾಕುವ ಪೈಥಾನ್ ಪ್ರೋಗ್ರಾಮು. ಓಡುತ್ತದೆ, ಎರರ್ ಬರುವುದಿಲ್ಲ. 5 ಎಚ್‌ಪಿಗೆ 14 ಆಂಪಿಯರ್ ಎನ್ನುತ್ತದೆ. ಮನೆಯ ಪಂಪ್‌ಸೆಟ್ಟಿನ ನೇಮ್ ಪ್ಲೇಟಿನ ಮೇಲೆ 8ರ ಆಸುಪಾಸಿನ ಅಂಕಿ ಓದಿ ಬಂದವರಿಗೆ 14 ಕಂಡ ಕೂಡಲೇ ಅನುಮಾನ ಹುಟ್ಟುತ್ತದೆ. ಹುಡುಕಿದರೆ ರೂಟ್ 3 ಬಿಟ್ಟುಹೋಗಿದೆ. ಸಿಂಗಲ್ ಫೇಸಿನ ಸೂತ್ರವನ್ನು ಯಂತ್ರ ಮೂರು ಫೇಸಿಗೆ ಹಾಕಿದೆ. ಅನುಮಾನ ಪಡಲು ಬೇಕಾದ ಅಂಕಿ ತಲೆಯಲ್ಲಿಲ್ಲದವರು 14 ಆಂಪಿಯರನ್ನೇ ಒಪ್ಪಿಕೊಂಡು ಕೇಬಲ್ ಕೊಳ್ಳಲು ಹೊರಡುತ್ತಾರೆ. ಯಂತ್ರ ಉತ್ತರ ಕೊಡುವ ಕಾಲದಲ್ಲಿ ಎಂಜಿನಿಯರಿಗೆ ಬೇಕಾದ ವಿದ್ಯೆ ಉತ್ತರವನ್ನು ಅನುಮಾನಿಸುವುದು. ಅದನ್ನು ಕಲಿಸಬಹುದು, ಅಳೆಯಲೂಬಹುದು.

ಈ ವಿದ್ಯೆ ತುಮಕೂರು ಸೀಮೆಗೆ ಇಂದು ಯಾಕೆ ಮುಖ್ಯ ಎಂಬುದಕ್ಕೆ ಊರಿನ ಕಾರ್ಖಾನೆಗಳ ಚರಿತ್ರೆಯೇ ಸಾಕ್ಷಿ. ಒಂದು ತಲೆಮಾರಿಗೆ ಇಲ್ಲಿ ಎಂಜಿನಿಯರಿಂಗ್ ಎಂದರೆ ಎಚ್‌ಎಂಟಿ ವಾಚ್ ಕಾರ್ಖಾನೆ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ನಾಜೂಕಿನ ಕೆಲಸ. ಕೈಗಡಿಯಾರದ ಕಾಲ ಬದಲಾಯಿತು; 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಿತು, ಇಲ್ಲಿನ ಜಾಗ ಇಸ್ರೊಗೆ ಹೋಯಿತು. ಅದೇ 2016ರ ಜನವರಿಯಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು. 615 ಎಕರೆಯ ಆ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಮೂರು ಟನ್ ದರ್ಜೆಯ ಲಘು ಹೆಲಿಕಾಪ್ಟರಿನಿಂದ ಅದರ ಕೆಲಸ ಶುರು. ಇತ್ತ ಪಾವಗಡದಲ್ಲಿ 13,000 ಎಕರೆ ಹರಡಿಕೊಂಡ 2,050 ಮೆಗಾವ್ಯಾಟಿನ ಸೌರ ಪಾರ್ಕು. ವಾಚಿನಿಂದ ಹೆಲಿಕಾಪ್ಟರಿಗೆ, ಅಲ್ಲಿಂದ ಸೌರ ಫಲಕಕ್ಕೆ ಒಬ್ಬ ಮನುಷ್ಯನ ಉದ್ಯೋಗದ ಅವಧಿಯಲ್ಲೇ ಜಿಲ್ಲೆ ಜಿಗಿದಿದೆ. ಒಂದೇ ಯಂತ್ರದ ವಿದ್ಯೆ ಕಲಿತವರಿಗೆ ಈ ಜಿಗಿತ ಕಷ್ಟ. ಊಹಿಸು, ಅಳೆ, ತಪ್ಪು ಕಂಡುಹಿಡಿ, ತಿದ್ದು ಎಂಬ ಅಭ್ಯಾಸ ಕಲಿತವರು ಯಾವ ಯಂತ್ರದ ಮುಂದೆಯೂ ನಿಲ್ಲಬಲ್ಲರು.

ಇಷ್ಟು ಹೇಳಿದ ಮೇಲೆ ಇದರ ಬೆಲೆಯನ್ನೂ ಹೇಳಬೇಕು. ಈ ಬಗೆಯ ಒಂದು ಗಂಟೆಯ ಪಾಠಕ್ಕೆ ಮೂರು ನಾಲ್ಕು ಗಂಟೆಯ ತಯಾರಿ ಬೇಕು. ಲೋಟ ಕೊರೆಯಬೇಕು, ಪೈಪು ಹುಡುಕಬೇಕು, ಮಕ್ಕಳು ಯಾವ ತಪ್ಪು ಉತ್ತರ ಬರೆದಾರು ಎಂದು ಮೊದಲೇ ಯೋಚಿಸಿ ನಾಲ್ಕು ಆಯ್ಕೆ ತಯಾರಿಸಬೇಕು. ಸಿಲೆಬಸ್ ಮುಗಿಯುವುದಿಲ್ಲ ಎಂಬ ಭಯ ಬೇರೆ. ಅದಕ್ಕೆ ಅನುಭವಸ್ಥರು ಕಂಡುಕೊಂಡ ದಾರಿ: ಓದಿದರೆ ತಿಳಿಯುವ ಭಾಗವನ್ನು ವಿಡಿಯೊಗೆ, ಪುಸ್ತಕಕ್ಕೆ ಬಿಟ್ಟುಬಿಡುವುದು, ಓದಿದರೂ ತಿಳಿಯದ ನಾಲ್ಕೈದು ಗಂಟುಗಳನ್ನು ಮಾತ್ರ ತರಗತಿಗೆ ತರುವುದು. ಯಾವುದು ಗಂಟು ಎಂದು ಗುರುತಿಸಲು ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿರಬೇಕು. ಮಾನ್ಯತೆಯ ಫೈಲುಗಳಿಗೆ, ಅಂಕಿಅಂಶದ ಪಟ್ಟಿಗಳಿಗೆ ಮೇಷ್ಟರ ಸಂಜೆಗಳೆಲ್ಲ ಹೋದರೆ ಈ ಕಸುಬು ಉಳಿಯುವುದಿಲ್ಲ. ಕಾಲೇಜಿನ ಆಡಳಿತ ಕೊಡಬಹುದಾದ ದೊಡ್ಡ ಸವಲತ್ತು ಸ್ಮಾರ್ಟ್ ಬೋರ್ಡಲ್ಲ, ಆ ಸಂಜೆಗಳು.

ಮುಂದಿನ ಸಿಇಟಿ ಹೊತ್ತಿಗೆ ಮಗನನ್ನೋ ಮಗಳನ್ನೋ ಕರೆದುಕೊಂಡು ಕಾಲೇಜು ನೋಡಲು ಹೋಗುವ ತಂದೆ ತಾಯಿಗೆ ಒಂದು ಮಾತು. ಪ್ಯಾಕೇಜು ಕೇಳಿ, ಹಾಸ್ಟೆಲ್ ನೋಡಿ, ಫೀಸು ವಿಚಾರಿಸಿ. ಆಮೇಲೆ ಮೊದಲ ವರ್ಷದ ಮಕ್ಕಳು ಯಾರಾದರೂ ಎದುರಿಗೆ ಸಿಕ್ಕರೆ, ‘ಈ ಸೆಮಿಸ್ಟರಿನಲ್ಲಿ ನೀನು ಊಹಿಸಿದ್ದು ಯಾವುದಾದರೂ ತಪ್ಪಾಯಿತೇನಪ್ಪ?’ ಎಂದು ಕೇಳಿ. ತಡವರಿಸದೆ, ಸ್ವಲ್ಪ ಖುಷಿಯಿಂದಲೇ ಉತ್ತರ ಕೊಟ್ಟರೆ ಆ ಕಾಲೇಜಿನಲ್ಲಿ ಪಾಠ ಹೇಳುವ ಕಸುಬು ಬಲ್ಲವರು ಇದ್ದಾರೆ ಎಂದು ತಿಳಿಯಿರಿ. ಸೀಟು ಸಿಕ್ಕರೆ ಬಿಡಬೇಡಿ.